ಡಯಾಲಿಸಿಸ್ ನಡೆಯುತ್ತಿರುವಾಗಲೇ ಹೆಪ್ಪು ಗುರುತಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವೀನಸ್ ಪ್ರೆಶರ್ (ರಕ್ತ ರೋಗಿಗೆ ಮರಳುವ ಲೈನ್‌ನ ಒತ್ತಡ) ಅಲಾರಂ ಹೊಡೆದು, ಪಂಪ್ ನಿಂತು, ಆ ಲೈನ್‌ನ ಚೇಂಬರ್ ಮುಟ್ಟಿದರೆ ಕೈಗೆ ಗಟ್ಟಿ ಸಿಕ್ಕಿತು ಎಂದರೆ ಆ ಸರ್ಕ್ಯೂಟ್‌ನಲ್ಲಿ, ಅಂದರೆ ಮೈಹೊರಗೆ ರಕ್ತ ಹರಿಯುವ ದಾರಿಯಲ್ಲಿ, ಉಳಿಸಿಕೊಳ್ಳುವಂಥದ್ದು ಬಹುತೇಕ ಏನೂ ಇರುವುದಿಲ್ಲ. ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಮತ್ತು ಬ್ಲಡ್ ಲೈನ್ ಸೇರಿ 150ರಿಂದ 250 ಮಿ.ಲೀ. ರಕ್ತ ಹಿಡಿಯುತ್ತವೆ. ಅಷ್ಟೂ ಕಸದ ಬುಟ್ಟಿಗೆ ಹೋಗುತ್ತದೆ. ಹಿಮೋಗ್ಲೋಬಿನ್ 8 ಅಥವಾ 9ರಲ್ಲಿ ನಿಂತಿರುವ, ವಾರಕ್ಕೆರಡು ಮೂರು ಸಲ ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ ತೆಗೆದುಕೊಂಡು ಅದನ್ನು ಕಾಪಾಡಿಕೊಳ್ಳುತ್ತಿರುವ ರೋಗಿಗೆ ಇದು ಸಣ್ಣ ನಷ್ಟವಲ್ಲ.

ಆದರೆ ಹೆಪ್ಪು ಸಾಮಾನ್ಯವಾಗಿ ಒಂದೇ ಏಟಿಗೆ ಕಟ್ಟುವುದಿಲ್ಲ. ಅಲಾರಂ ಹೊಡೆಯುವುದಕ್ಕೆ ಬಹಳ ಮೊದಲೇ ಮಷೀನ್ ಪರದೆಯ ಅಂಕಿಗಳು ಒಂದೇ ದಿಕ್ಕಿಗೆ ಜರುಗುತ್ತಿರುತ್ತವೆ, ಚೇಂಬರ್‌ನಲ್ಲಿ ನೊರೆಯ ಬಣ್ಣ ಬದಲಾಗಿರುತ್ತದೆ, ಫಿಲ್ಟರ್ ಮೇಲೆ ಒಂದೆರಡು ಕಪ್ಪು ಗೆರೆ ಮೂಡಿರುತ್ತವೆ. ಅವನ್ನು ಹಿಡಿದರೆ ರಕ್ತ ವಾಪಸ್ ಕೊಡಲು ಸಮಯ ಸಿಗುತ್ತದೆ. ಇಲ್ಲಿರುವುದು ಟೆಕ್ನಿಷಿಯನ್‌ಗಳು, ನರ್ಸ್‌ಗಳು ಮತ್ತು ಈ ಕೆಲಸ ಕಲಿಯುತ್ತಿರುವವರಿಗಾಗಿ. ಮಗ್ಗುಲಲ್ಲಿ ಕುಳಿತು ಕಾಯುವ ಮನೆಯವರೂ ಓದಬಹುದು. ಏನು ಕಂಡರೆ ಸಿಬ್ಬಂದಿಯನ್ನು ಕರೆಯಬೇಕು ಎಂಬುದು ಅವರಿಗೂ ಗೊತ್ತಿರಬೇಕು. ಔಷಧಿಯ ಪ್ರಮಾಣ ಮಾತ್ರ ಆಯಾ ರೋಗಿಗೆ ನೆಫ್ರಾಲಜಿಸ್ಟ್ ಬರೆದುಕೊಟ್ಟದ್ದೇ ಅಂತಿಮ.

ಹೆಪ್ಪು ಎಲ್ಲಿ ಕಟ್ಟುತ್ತದೆ, ಯಾಕೆ

ರಕ್ತ ಹೋಗುವ ದಾರಿಯನ್ನು ಕ್ರಮವಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ರೋಗಿಯಿಂದ ರಕ್ತ ಎಳೆಯುವ ಆರ್ಟೀರಿಯಲ್ ನೀಡಲ್, ಕೆಂಪು ಗುರುತಿನ ಲೈನ್, ಸಲೈನ್ ಕವಲು, ಪಂಪ್‌ಗೆ ಮುಂಚಿನ ಆರ್ಟೀರಿಯಲ್ ಪ್ರೆಶರ್ ಕವಲು, ರೋಲರ್ ಪಂಪ್, ಹೆಪ್ಪು ತಡೆಯುವ ಔಷಧಿಯಾದ ಹೆಪಾರಿನ್ ಕವಲು, ಕೆಲವು ಸೆಟ್‌ಗಳಲ್ಲಿ ಆರ್ಟೀರಿಯಲ್ ಚೇಂಬರ್, ಆಮೇಲೆ ಡಯಲೈಸರ್. ಅಲ್ಲಿಂದ ನೀಲಿ ಗುರುತಿನ ಲೈನ್, ವೀನಸ್ ಚೇಂಬರ್, ಅದರ ತಳದ ಜಾಲರಿ, ಏರ್ ಡಿಟೆಕ್ಟರ್, ಕ್ಲ್ಯಾಂಪ್, ಕೊನೆಗೆ ವೀನಸ್ ನೀಡಲ್.

ಹೆಪ್ಪು ಹೆಚ್ಚಾಗಿ ಕಟ್ಟುವುದು ಎರಡು ಕಡೆ. ಒಂದು ಡಯಲೈಸರ್. ಅದರೊಳಗೆ ಸುಮಾರು 10,000 ಎಳೆಗಳು, ಒಂದೊಂದರ ಒಳವ್ಯಾಸ 0.2 ಮಿ.ಮೀ. ಆಸುಪಾಸು. ಪ್ರೈಮಿಂಗ್ ಮಾಡುವಾಗ, ಅಂದರೆ ಶುರುವಿಗೆ ಮುಂಚೆ ಸಲೈನ್ ತುಂಬಿ ಗಾಳಿ ಹೊರಹಾಕುವಾಗ, ಗಾಳಿ ಉಳಿದ ಎಳೆಯಲ್ಲಿ ರಕ್ತ ಹರಿಯುವುದಿಲ್ಲ, ಹರಿಯದ ರಕ್ತ ಹೆಪ್ಪಾಗುತ್ತದೆ. ಎರಡನೆಯದು ವೀನಸ್ ಚೇಂಬರ್. ಅಲ್ಲಿ ರಕ್ತಕ್ಕೆ ಗಾಳಿ ತಾಗುತ್ತದೆ, ವೇಗ ಕುಂದುತ್ತದೆ, ಸುಳಿ ತಿರುಗುತ್ತದೆ, ಕೆಳಗೆ ಜಾಲರಿಯೂ ಇದೆ. ಹೆಪ್ಪಿಗೆ ಬೇಕಾದುದೆಲ್ಲ ಒಂದೇ ಜಾಗದಲ್ಲಿ.

ಇನ್ನೊಂದು ಕಾರಣವನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಟೆಗೆ 1,000 ಮಿ.ಲೀ. ಯುಎಫ್ (ರಕ್ತದಿಂದ ನೀರು ತೆಗೆಯುವುದು) ಇಟ್ಟರೆ ನಿಮಿಷಕ್ಕೆ ಸುಮಾರು 17 ಮಿ.ಲೀ. ನೀರು ಹೊರಬರುತ್ತದೆ. ಪಂಪ್ 300ರಲ್ಲಿ (ನಿಮಿಷಕ್ಕೆ ಮಿ.ಲೀ.) ಓಡುತ್ತಿದ್ದರೆ ಅದು ಹರಿಯುವ ರಕ್ತದ ಶೇ. 6ಕ್ಕಿಂತ ಕಡಿಮೆ. ಪಂಪ್ 150ಕ್ಕೆ ಇಳಿದರೆ ಅದೇ ಯುಎಫ್ ಶೇ. 11ರಷ್ಟಾಗುತ್ತದೆ. ಎಳೆಯ ಕೊನೆಗೆ ಬರುವ ಹೊತ್ತಿಗೆ ರಕ್ತ ಅಷ್ಟು ಮಂದವಾಗಿರುತ್ತದೆ. ಕ್ಯಾಥೆಟರ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಸರಿಯಾಗಿ ರಕ್ತ ಎಳೆಯದೆ ಪಂಪ್ ಇಳಿಸಿದ ದಿನ ಯುಎಫ್ ಕಡಿಮೆ ಮಾಡದಿದ್ದರೆ ಫಿಲ್ಟರ್ ಕಪ್ಪಾಗುವುದು ಇದೇ ಕಾರಣಕ್ಕೆ. ಆರ್ಟೀರಿಯಲ್ ಮತ್ತು ವೀನಸ್ ಲೈನ್ ಅದಲುಬದಲು ಮಾಡಿ ಹಾಕಿದಾಗಲೂ ಒಂದಿಷ್ಟು ರಕ್ತ ಮತ್ತೆ ಮತ್ತೆ ಫಿಲ್ಟರ್‌ಗೇ ಬರುವುದರಿಂದ ಹೀಗೇ ಮಂದವಾಗುತ್ತದೆ. ಡಯಾಲಿಸಿಸ್ ನಡೆಯುವಾಗಲೇ ಸರ್ಕ್ಯೂಟ್ ಮೂಲಕ ರಕ್ತ ಕೊಡುವುದೂ ಹೆಪ್ಪಿನ ಸಾಧ್ಯತೆ ಹೆಚ್ಚಿಸುತ್ತದೆ.

ಶುರುವಿಗೆ ಮುಂಚೆ ನೋಡಬೇಕಾದ್ದು

ಪ್ರೈಮಿಂಗ್ ಮಾಡುವಾಗ ಡಯಲೈಸರ್‌ನ ನೀಲಿ ತುದಿ ಮೇಲಿರಲಿ. ಸಲೈನ್ ಕೆಳಗಿನಿಂದ ತುಂಬುತ್ತಾ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಅಂಗೈಯಲ್ಲಿ ಮೆಲ್ಲಗೆ ತಟ್ಟುತ್ತಾ ಗುಳ್ಳೆ ಬರುವುದು ನಿಲ್ಲುವವರೆಗೂ ಬಿಡಿ. ಅವಸರದ ಶಿಫ್ಟ್‌ನಲ್ಲಿ ಇಲ್ಲಿ ಉಳಿಸಿದ ಎರಡು ನಿಮಿಷ ಮೂರನೇ ಗಂಟೆಯಲ್ಲಿ ಬಡ್ಡಿ ಸಮೇತ ಹೋಗುತ್ತದೆ. ವೀನಸ್ ಚೇಂಬರ್ ಮುಕ್ಕಾಲು ಭಾಗ ತುಂಬಿರಲಿ. ಮಟ್ಟ ಕೆಳಗಿದ್ದಷ್ಟೂ ರಕ್ತ ಮೇಲಿಂದ ಬಿದ್ದು ನೊರೆಯಾಗುತ್ತದೆ.

ಹೆಪಾರಿನ್ ವಯಲ್ ಓದದೆ ಸಿರಿಂಜ್ ತುಂಬಬೇಡಿ. ನಮ್ಮಲ್ಲಿ 5 ಮಿ.ಲೀ. ವಯಲ್‌ನಲ್ಲಿ ಒಟ್ಟು 5,000 ಯೂನಿಟ್ ಇರುವುದೂ ಸಿಗುತ್ತದೆ, 25,000 ಇರುವುದೂ ಸಿಗುತ್ತದೆ. ಅಂದರೆ ಒಂದು ಮಿ.ಲೀ.ಗೆ 1,000 ಅಥವಾ 5,000. ಎರಡೂ ಒಂದೇ ಟ್ರೇಯಲ್ಲಿದ್ದರೆ ತಪ್ಪು ಐದು ಪಟ್ಟು ಆಗುತ್ತದೆ: ಒಂದು ಕಡೆ ಫಿಲ್ಟರ್ ಕಟ್ಟುತ್ತದೆ, ಇನ್ನೊಂದು ಕಡೆ ರೋಗಿಗೆ ರಕ್ತಸ್ರಾವ. 5,000 ಯೂನಿಟ್‌ಗೆ ಸಲೈನ್ ಸೇರಿಸಿ ಒಟ್ಟು 20 ಮಿ.ಲೀ. ಮಾಡಿದರೆ ಒಂದು ಮಿ.ಲೀ.ಗೆ 250 ಯೂನಿಟ್ ಬರುತ್ತದೆ. ಆಗ ಪಂಪ್ ಗಂಟೆಗೆ 2 ಮಿ.ಲೀ. ಇಟ್ಟರೆ 500 ಯೂನಿಟ್, 4 ಮಿ.ಲೀ. ಇಟ್ಟರೆ 1,000 ಯೂನಿಟ್. ರಕ್ತಸ್ರಾವದ ಭಯವಿಲ್ಲದ ವಯಸ್ಕರಿಗೆ ಶುರುವಿನ ಡೋಸ್ ಸಾಮಾನ್ಯವಾಗಿ ಕೆ.ಜಿ.ಗೆ 25ರಿಂದ 50 ಯೂನಿಟ್, ಆಮೇಲೆ ಗಂಟೆಗೆ 500ರಿಂದ 1,500 ಯೂನಿಟ್. ಶುರುವಿನ ಡೋಸ್ ಕೊಟ್ಟ ಮೇಲೆ ಮೂರರಿಂದ ಐದು ನಿಮಿಷ ಬಿಟ್ಟು ರಕ್ತವನ್ನು ಸರ್ಕ್ಯೂಟ್‌ಗೆ ಬಿಡಿ.

ಹೆಪಾರಿನ್ ಕೊಟ್ಟೂ ಫಿಲ್ಟರ್ ಕಟ್ಟಿದಾಗ ಮೊದಲು ನೋಡಬೇಕಾದ ಜಾಗ ಹೆಪಾರಿನ್ ಲೈನ್‌ನ ಪುಟ್ಟ ಕ್ಲ್ಯಾಂಪ್. ಪ್ರೈಮಿಂಗ್‌ಗೆಂದು ಮುಚ್ಚಿದ್ದು ಮುಚ್ಚಿಯೇ ಉಳಿದಿರುತ್ತದೆ. ಪಂಪ್ ಓಡುತ್ತಿದೆ ಎಂದು ಪರದೆ ಹೇಳುತ್ತಿದ್ದರೂ ಸಿರಿಂಜ್‌ನ ಗುರುತು ಒಂದು ಗಂಟೆಯಲ್ಲಿ ಎಷ್ಟು ಇಳಿದಿದೆ ಎಂದು ಕಣ್ಣಿನಿಂದ ನೋಡಿ. 20 ಮಿ.ಲೀ. ಸಿರಿಂಜ್ ಹಾಕಿ ಮಷೀನ್‌ನಲ್ಲಿ ಬೇರೆ ಅಳತೆ ಆರಿಸಿದ್ದರೂ ಲೆಕ್ಕ ತಪ್ಪುತ್ತದೆ.

ಮೊದಲ ಅಂಕಿ ಬರೆದಿಡಿ

ಹೆಪ್ಪು ಹಿಡಿಯುವ ಇಡೀ ವಿದ್ಯೆ ನಿಂತಿರುವುದು ಇದೊಂದರ ಮೇಲೆ. ಪಂಪ್ ನಿಗದಿತ ವೇಗಕ್ಕೆ ಬಂದು ಐದರಿಂದ ಹತ್ತು ನಿಮಿಷ ಆದಾಗ ಪಂಪ್ ವೇಗ, ಆರ್ಟೀರಿಯಲ್ ಪ್ರೆಶರ್, ವೀನಸ್ ಪ್ರೆಶರ್, ಟಿಎಂಪಿ (ಡಯಲೈಸರ್ ಎಳೆಗಳ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ), ಯುಎಫ್ ದರ, ಮಷೀನ್‌ನಲ್ಲಿದ್ದರೆ ಫಿಲ್ಟರ್ ಮುಂಚಿನ ಪ್ರೆಶರ್ ಇಷ್ಟನ್ನು ಶೀಟ್‌ನಲ್ಲಿ ಬರೆಯಿರಿ. ನಂತರ 15 ನಿಮಿಷ ಬಿಟ್ಟು ಒಂದು ಸಲ, ಆಮೇಲೆ ಅರ್ಧ ಗಂಟೆಗೊಮ್ಮೆ. ಹೆಪಾರಿನ್ ಇಲ್ಲದೆ ನಡೆಸುತ್ತಿದ್ದರೆ ಕೊನೆಯವರೆಗೂ 15 ನಿಮಿಷಕ್ಕೊಮ್ಮೆ.

ವೀನಸ್ ಪ್ರೆಶರ್ 160 ಇದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರವಿಲ್ಲ. ಸಣ್ಣದಾದ 17 ಗೇಜ್ ನೀಡಲ್‌ಗೆ ಅದು ಸಹಜ, ದಪ್ಪನಾದ 15 ಗೇಜ್ ನೀಡಲ್‌ಗೆ ಅದೇ ವೇಗದಲ್ಲಿ ಜಾಸ್ತಿ ಇರಬಹುದು. ಆದ್ದರಿಂದ ಹೋಲಿಕೆ ಪಕ್ಕದ ಬೆಡ್ಡಿನ ರೋಗಿಯ ಜತೆ ಬೇಡ. ಇದೇ ರೋಗಿಯ, ಇದೇ ದಿನದ, ಇದೇ ಪಂಪ್ ವೇಗದ ಮೊದಲ ಅಂಕಿಯ ಜತೆ ಹೋಲಿಸಿ.

ಇಲ್ಲಿ ಎರಡು ಅಭ್ಯಾಸಗಳು ಹೆಪ್ಪನ್ನು ಮುಚ್ಚಿಡುತ್ತವೆ. ಅಲಾರಂ ನಿಲ್ಲಿಸಲು ಪಂಪ್ ಅನ್ನು 300ರಿಂದ 250ಕ್ಕೆ ಇಳಿಸುವುದು ಒಂದು. ಪ್ರೆಶರ್ ಇಳಿಯುತ್ತದೆ, ಎಲ್ಲ ಸರಿಹೋಯಿತು ಎನಿಸುತ್ತದೆ. ಆದರೆ ನಿಧಾನವಾದ ರಕ್ತ ಇನ್ನೂ ಬೇಗ ಕಟ್ಟುತ್ತದೆ. ಇನ್ನೊಂದು, ನೋಡದೆ ರಿಸೆಟ್ ಒತ್ತುವುದು. ಅನೇಕ ಮಷೀನ್‌ಗಳು ರಿಸೆಟ್ ಆದಾಗ ಅಲಾರಂ ಮಿತಿಯನ್ನು ಆ ಹೊತ್ತಿನ ಪ್ರೆಶರ್ ಸುತ್ತ ಹೊಸದಾಗಿ ಹಾಕಿಕೊಳ್ಳುತ್ತವೆ. 150ರಲ್ಲಿ ಶುರುವಾದದ್ದು 190, ಮತ್ತೆ ರಿಸೆಟ್, 230, ಮತ್ತೆ ರಿಸೆಟ್. ಮಷೀನ್ ಪ್ರತಿ ಸಲವೂ ಹೊಸ ಅಂಕಿಯನ್ನೇ ಸಹಜವೆಂದು ಒಪ್ಪಿಕೊಳ್ಳುತ್ತದೆ. ನಿಮ್ಮ ಶೀಟ್ ಒಪ್ಪಿಕೊಳ್ಳುವುದಿಲ್ಲ.

ಪ್ರೆಶರ್ ಹೇಳುವುದನ್ನು ಓದುವುದು

ಅಂಕಿಗಳೆಲ್ಲ ಮಿ.ಮೀ. ಪಾದರಸದಲ್ಲಿ. ಫಿಲ್ಟರ್ ಮುಂಚಿನ ಪ್ರೆಶರ್ ಮತ್ತು ವೀನಸ್ ಪ್ರೆಶರ್ ಎರಡೂ ಸಿಗುವ ಮಷೀನ್ ಇದ್ದರೆ ಅವೆರಡರ ವ್ಯತ್ಯಾಸವೇ ನಿಮ್ಮ ಕೈಗನ್ನಡಿ. ಒಂದು ಉದಾಹರಣೆ ಲೆಕ್ಕ ನೋಡಿ. ಪಂಪ್ 300. ಶುರುವಿನಲ್ಲಿ ಫಿಲ್ಟರ್ ಮುಂಚೆ 220, ವೀನಸ್ 150, ವ್ಯತ್ಯಾಸ 70.

ಒಂದು ಗಂಟೆಯ ನಂತರ 280 ಮತ್ತು 150 ಬಂತು. ವೀನಸ್ ಅಲುಗಿಲ್ಲ, ವ್ಯತ್ಯಾಸ 130 ಆಗಿದೆ. ಅಡ್ಡಿ ಎರಡು ಅಳತೆಗಳ ನಡುವೆ, ಅಂದರೆ ಡಯಲೈಸರ್ ಒಳಗೆ. ವೀನಸ್ ಪ್ರೆಶರ್ ಒಂದನ್ನೇ ನೋಡುವವರಿಗೆ ಇದು ಕಾಣುವುದೇ ಇಲ್ಲ, ಕೆಲವೊಮ್ಮೆ ವೀನಸ್ ಇಳಿದೂ ಇರುತ್ತದೆ. ಅದರ ಬದಲು 290 ಮತ್ತು 220 ಬಂದಿದ್ದರೆ ವ್ಯತ್ಯಾಸ 70ರಲ್ಲೇ ಇದೆ, ಎರಡೂ ಜತೆಯಾಗಿ ಏರಿವೆ. ಡಯಲೈಸರ್ ಚೆನ್ನಾಗಿದೆ; ಅಡ್ಡಿ ವೀನಸ್ ಚೇಂಬರ್‌ನ ಜಾಲರಿಯಲ್ಲಿ ಅಥವಾ ಅದರಾಚೆ, ಮಡಿಚಿದ ಲೈನ್‌ನಲ್ಲಿ ಇಲ್ಲವೇ ನೀಡಲ್‌ನಲ್ಲಿ. ಎರಡೂ ಏರಿ ವ್ಯತ್ಯಾಸವೂ ಏರಿದರೆ ಎರಡೂ ಕಡೆ ಕಟ್ಟುತ್ತಿದೆ. ಸಮಯ ಕಡಿಮೆ ಇದೆ.

ಫಿಲ್ಟರ್ ಮುಂಚಿನ ಪ್ರೆಶರ್ ತೋರಿಸದ ಮಷೀನ್‌ಗಳು ಇನ್ನೂ ಬಹಳ ಇವೆ. ಅಲ್ಲಿ ಟಿಎಂಪಿ ನೋಡಿ. ಅದೇ ಯುಎಫ್ ದರಕ್ಕೆ ಟಿಎಂಪಿ ಸತತವಾಗಿ ಏರುತ್ತಿದ್ದರೆ ಅಷ್ಟೇ ನೀರನ್ನು ಕಡಿಮೆ ಎಳೆಗಳ ಮೂಲಕ ಎಳೆಯಬೇಕಾಗಿದೆ ಎಂದರ್ಥ, ಎಳೆಗಳು ಮುಚ್ಚುತ್ತಿವೆ. ಯುಎಫ್ ಬದಲಾಯಿಸಿದ್ದರೆ ಮಾತ್ರ ಈ ಹೋಲಿಕೆ ನಡೆಯುವುದಿಲ್ಲ. ಜತೆಗೆ ಪಂಪ್ ಮತ್ತು ಡಯಲೈಸರ್ ನಡುವಿನ ಲೈನ್ ಮೇಲೆ ಎರಡು ಬೆರಳಿಡಿ. ರೋಲರ್ ತಿರುಗಿದಂತೆಲ್ಲ ಲೈನ್ ಬಿಗಿಯಾಗಿ ಕುಪ್ಪಳಿಸುತ್ತಿದ್ದರೆ, ಶುರುವಿನಲ್ಲಿ ಹಾಗಿರಲಿಲ್ಲ ಎಂದಾದರೆ, ಮುಂದೆ ಅಡ್ಡಿ ಇದೆ. ಆರ್ಟೀರಿಯಲ್ ಚೇಂಬರ್ ಇರುವ ಸೆಟ್‌ನಲ್ಲಿ ಅದರ ಮಟ್ಟ ತಾನಾಗಿಯೇ ಮೇಲೇರುತ್ತದೆ, ಒಳಗಿನ ಗಾಳಿ ಒತ್ತಿಕೊಂಡದ್ದರಿಂದ. ಕ್ಲಿಯರೆನ್ಸ್ (ರಕ್ತ ಎಷ್ಟು ಶುದ್ಧವಾಗುತ್ತಿದೆ ಎಂಬ ಅಳತೆ) ಅಥವಾ ಕೆಟಿ ಬೈ ವಿ (ಒಟ್ಟು ಡಯಾಲಿಸಿಸ್ ಸಾಕಾಯಿತೇ ಎಂಬ ಅಳತೆ) ಲೆಕ್ಕ ತೋರಿಸುವ ಮಷೀನ್‌ನಲ್ಲಿ ಅದೇ ಪಂಪ್ ವೇಗಕ್ಕೆ ಕ್ಲಿಯರೆನ್ಸ್ ಇಳಿಯುವುದೂ ಇದೇ ಸುದ್ದಿ.

ಆರ್ಟೀರಿಯಲ್ ಪ್ರೆಶರ್ ಪಂಪ್‌ಗಿಂತ ಮುಂಚಿನದು, ಮೈನಸ್‌ನಲ್ಲಿರುತ್ತದೆ. ಮೈನಸ್ 120 ಇದ್ದದ್ದು ಮೈನಸ್ 200ರತ್ತ ಹೋದರೆ ರಕ್ತ ಬರುವ ದಾರಿಯಲ್ಲೇ ತೊಂದರೆ: ನೀಡಲ್‌ನಲ್ಲಿ ಹೆಪ್ಪು, ಗೋಡೆಗೆ ತಾಗಿದ ತುದಿ, ಮಡಿಚಿದ ಲೈನ್, ಇಳಿದ ಬಿಪಿ. ಇದು ಡಯಲೈಸರ್ ಹೆಪ್ಪಿನ ಸೂಚನೆಯಲ್ಲ, ಆದರೆ ಅದರ ತಾಯಿ. ಪರದೆಯಲ್ಲಿ 300 ಇದ್ದರೂ ನಿಜಕ್ಕೂ ಬರುತ್ತಿರುವ ರಕ್ತ ಅದಕ್ಕಿಂತ ಕಡಿಮೆ.

ವೀನಸ್ ಪ್ರೆಶರ್ ಇದ್ದಕ್ಕಿದ್ದಂತೆ ಕದಲದೆ ನಿಂತುಬಿಟ್ಟರೆ ನೆಮ್ಮದಿ ಪಡಬೇಡಿ. ರೋಲರ್‌ನ ಪ್ರತಿ ಸುತ್ತಿಗೂ ಆ ಅಂಕಿ ತುಸು ಆಡುತ್ತಿರಬೇಕು. ಆಡದಿದ್ದರೆ ಚೇಂಬರ್‌ನಿಂದ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್‌ಗೆ ಹೋಗುವ ಸಣ್ಣ ನಳಿಕೆಯಲ್ಲಿ ರಕ್ತ ಹೊಕ್ಕು ಕಟ್ಟಿದೆ, ಅಥವಾ ರಕ್ತ ಮಷೀನ್‌ಗೆ ಹೋಗದಂತೆ ತಡೆಯುವ ಪ್ರೊಟೆಕ್ಟರ್ ಒದ್ದೆಯಾಗಿದೆ. ಬಿಳಿ ಪ್ರೊಟೆಕ್ಟರ್ ಕೆಂಪಾಗಿದ್ದರೆ ಅದರ ನಳಿಕೆಯ ಕ್ಲ್ಯಾಂಪ್ ಹಾಕಿ ಬದಲಾಯಿಸಿ. ರಕ್ತ ಅದರಾಚೆ ಮಷೀನ್ ಕಡೆಗೂ ದಾಟಿದೆಯೇ ನೋಡಿ. ದಾಟಿದ್ದರೆ ಆ ಮಷೀನ್ ಅನ್ನು ಶುದ್ಧೀಕರಿಸದೆ ಮುಂದಿನ ರೋಗಿಗೆ ಕೊಡುವಂತಿಲ್ಲ.

ಕಣ್ಣು ಮತ್ತು ಟಾರ್ಚ್

ವಾರ್ಡಿನ ಟ್ಯೂಬ್‌ಲೈಟಿನಲ್ಲಿ ಡಯಲೈಸರ್ ಸರಿಯಾಗಿ ಕಾಣುವುದಿಲ್ಲ. ಸಣ್ಣ ಟಾರ್ಚ್ ಇಟ್ಟುಕೊಳ್ಳಿ, ಅಂಕಿ ಬರೆಯುವಾಗೆಲ್ಲ ಹಿಂದಿನಿಂದ ಬೆಳಕು ಹಾಯಿಸಿ ನೋಡಿ.

ಡಯಲೈಸರ್‌ನಲ್ಲಿ ಉದ್ದಕ್ಕೆ ಇಳಿದ ಕಪ್ಪು ಗೆರೆಗಳು ಮುಚ್ಚಿದ ಎಳೆಗಳ ಗುಂಪು. ಮೊದಲು ಒಂದೆರಡು ಕಾಣಿಸುತ್ತವೆ, ಆಮೇಲೆ ಒಂದು ಬದಿಯೇ ಗಾಢವಾಗುತ್ತದೆ. ಕೆಂಪು ಮುಚ್ಚಳದ ಒಳಗೆ, ರಕ್ತ ಎಳೆಗಳಿಗೆ ಹೊಗುವ ಜಾಗದಲ್ಲಿ, ಅಂಟಿಕೊಂಡ ಕಪ್ಪು ಉಂಡೆ ಅಥವಾ ಬಿಳಿ ಪೊರೆ ಇದೆಯೇ ನೋಡಿ. ನೀಲಿ ಮುಚ್ಚಳದ ಕಡೆಯೂ ನೋಡಿ.

ವೀನಸ್ ಚೇಂಬರ್ ಮೇಲೆ ಹೆಚ್ಚು ಹೊತ್ತು ಕಣ್ಣಿಡಿ. ರಕ್ತದ ಮಟ್ಟಕ್ಕೆ ಸರಿಯಾಗಿ ಗೋಡೆಗೆ ಉಂಗುರದಂತೆ ಅಂಟಿದ ಬಿಳಿ ಪೊರೆ ಫೈಬ್ರಿನ್. ಅದು ಹೆಪ್ಪಿನ ಮೊದಲ ಹೆಜ್ಜೆ. ತೆಳ್ಳಗಿನ ಗುಲಾಬಿ ನೊರೆ ಗಾಢ ಕೆಂಪಾಗಿ, ಗುಳ್ಳೆಗಳು ಒಡೆಯದೆ ನಿಂತಿದ್ದರೆ ನೊರೆಯೊಳಗೇ ಹೆಪ್ಪು ಕೂಡುತ್ತಿದೆ. ಬೆರಳಿನಿಂದ ಚೇಂಬರ್ ಅನ್ನು ಒಮ್ಮೆ ಮೆಲ್ಲಗೆ ತಟ್ಟಿ. ಮೇಲ್ಮೈ ನೀರಿನಂತೆ ತುಳುಕಬೇಕು. ಮೊಸರಿನಂತೆ ಒಟ್ಟಿಗೆ ಅಲುಗಿದರೆ ಮೇಲಿನ ಪದರ ಕಟ್ಟಿದೆ. ಈ ತಟ್ಟುವಿಕೆ ನೋಡುವುದಕ್ಕೆ ಮಾತ್ರ, ಹೆಪ್ಪು ಬಿಡಿಸುವುದಕ್ಕಲ್ಲ. ಜಾಲರಿಯ ಸುತ್ತ ಕಪ್ಪು ತುಣುಕುಗಳಿವೆಯೇ ಎಂದೂ ನೋಡಿ.

ಡಯಲೈಸರ್‌ನಿಂದ ಚೇಂಬರ್‌ಗೆ ಹೋಗುವ ಲೈನ್‌ನಲ್ಲಿ ರಕ್ತ ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಜಾರಿ ತೂಗಾಡಿದಂತೆ ಕಂಡರೆ ಚೇಂಬರ್‌ನಲ್ಲಿ ದಾರಿ ಕಟ್ಟಿದೆ. ಇದು ತಡವಾಗಿ ಬರುವ ಸೂಚನೆ. ಕಂಡ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡೋಣ ಎನ್ನಬೇಡಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಇಡೀ ಸರ್ಕ್ಯೂಟ್‌ನ ರಕ್ತ ಕಪ್ಪಾಗುತ್ತಾ ಬಂದರೆ ಅದು ಹೆಪ್ಪಿನ ಸೂಚನೆ ನಿಜ. ಆದರೆ ಕ್ಯಾಥೆಟರ್ ರೋಗಿಯ ರಕ್ತ ಮಲಿನ ರಕ್ತನಾಳದಿಂದ ಬರುವುದರಿಂದ ಶುರುವಿನಿಂದಲೇ ಗಾಢವಾಗಿರುತ್ತದೆ. ಇಲ್ಲೂ ಹೋಲಿಕೆ ಮೊದಲ ಹತ್ತು ನಿಮಿಷದ ಬಣ್ಣದ ಜತೆಗೇ.

ಸಂಶಯ ಬಂದರೆ ಸಲೈನ್ ಬಿಟ್ಟು ನೋಡಿ

ತುಂಬಿದ ರಕ್ತದ ನಡುವೆ ಹೆಪ್ಪು ಕಾಣದು. ಸಲೈನ್ ಹರಿಸಿದರೆ ತೆರೆದ ಎಳೆಗಳು ತಿಳಿಯಾಗುತ್ತವೆ, ಮುಚ್ಚಿದವು ಕೆಂಪು ಕಪ್ಪು ಗೆರೆಗಳಾಗಿ ಹಾಗೆಯೇ ನಿಲ್ಲುತ್ತವೆ.

1. ಸಲೈನ್ ಬ್ಯಾಗ್‌ನಲ್ಲಿ ಸಾಕಷ್ಟು ಉಳಿದಿದೆಯೇ ನೋಡಿ. ಮೆದು ಬ್ಯಾಗ್ ಇದ್ದರೆ ಒಳ್ಳೆಯದು. ಗಾಳಿ ಸೂಜಿ ಚುಚ್ಚಿದ ಬಾಟಲಿಯಾದರೆ ಖಾಲಿಯಾದ ಕ್ಷಣ ಪಂಪ್ ಗಾಳಿಯನ್ನೇ ಎಳೆಯುತ್ತದೆ, ಕಣ್ಣು ತೆಗೆಯಬೇಡಿ.
2. ಪಂಪ್ ವೇಗವನ್ನು 150 ಮತ್ತು 200ರ ನಡುವಿಗೆ ಇಳಿಸಿ.
3. ಸಲೈನ್ ಕ್ಲ್ಯಾಂಪ್ ತೆರೆಯಿರಿ. ಆಮೇಲೆ ರೋಗಿ ಮತ್ತು ಸಲೈನ್ ಕವಲಿನ ನಡುವಿನ ಆರ್ಟೀರಿಯಲ್ ಲೈನ್ ಕ್ಲ್ಯಾಂಪ್ ಹಾಕಿ. ಈ ಕ್ರಮ ಮುಖ್ಯ. ಎರಡೂ ಮುಚ್ಚಿದ್ದರೆ ಪಂಪ್ ಖಾಲಿ ಎಳೆದು ಗುಳ್ಳೆ ಹುಟ್ಟಿಸುತ್ತದೆ.
4. 100ರಿಂದ 200 ಮಿ.ಲೀ. ಹರಿಯಲಿ. ಟಾರ್ಚ್ ಹಿಡಿದು ಡಯಲೈಸರ್ ಸುತ್ತ, ಎರಡೂ ಮುಚ್ಚಳ, ಚೇಂಬರ್ ಗೋಡೆ, ಜಾಲರಿ ನೋಡಿ. ವೀನಸ್ ಪ್ರೆಶರ್ ಜಿಗಿದರೆ ತಕ್ಷಣ ನಿಲ್ಲಿಸಿ.
5. ಮುಗಿದ ಮೇಲೆ ಮೊದಲು ಆರ್ಟೀರಿಯಲ್ ಕ್ಲ್ಯಾಂಪ್ ತೆರೆದು ನಂತರ ಸಲೈನ್ ಮುಚ್ಚಿ. ಸಲೈನ್ ತೆರೆದೇ ಉಳಿದರೆ ಇಡೀ ಬ್ಯಾಗ್ ರೋಗಿಯ ಮೈಗೆ ಹೋಗುತ್ತದೆ.
6. ಕೊಟ್ಟಷ್ಟು ಸಲೈನ್ ಅನ್ನು ಯುಎಫ್ ಗುರಿಗೆ ಸೇರಿಸಿ ಬರೆಯಿರಿ. ಹೆಪಾರಿನ್ ಇಲ್ಲದ ದಿನ ಅರ್ಧ ಗಂಟೆಗೆ 100 ಮಿ.ಲೀ.ನಂತೆ ನಾಲ್ಕು ಗಂಟೆಗೆ 800 ಮಿ.ಲೀ. ಆಗುತ್ತದೆ. ಸೇರಿಸದಿದ್ದರೆ ರೋಗಿ ಒಣ ತೂಕಕ್ಕೆ (ಹೆಚ್ಚುವರಿ ನೀರಿಲ್ಲದ ತೂಕ) ಬರುವುದೇ ಇಲ್ಲ.

ಮಕ್ಕಳಿಗೆ ಮತ್ತು ಹೃದಯ ದುರ್ಬಲವಾಗಿರುವವರಿಗೆ ಈ ಪ್ರಮಾಣ ವೈದ್ಯರು ಹೇಳಿದಷ್ಟೇ. ಇದು ನೋಡುವ ಉಪಾಯ. ಕಟ್ಟಿದ ಎಳೆಯನ್ನು ಸಲೈನ್ ತೆರೆಯುವುದಿಲ್ಲ.

ಎಸಿಟಿ (ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯ) ಅಳೆಯುವ ಮಷೀನ್ ಇರುವ ಘಟಕಗಳಲ್ಲಿ ಅದರ ನೆರವೂ ಸಿಗುತ್ತದೆ. ಹೆಪಾರಿನ್‌ಗೆ ಮುಂಚೆ ಸಾಮಾನ್ಯವಾಗಿ 120ರಿಂದ 150 ಸೆಕೆಂಡ್, ಡಯಾಲಿಸಿಸ್ ನಡುವೆ 200ರಿಂದ 250 ಗುರಿ. ಮಾದರಿ ತೆಗೆಯುವುದು ಹೆಪಾರಿನ್ ಕವಲಿಗಿಂತ ಮುಂಚಿನ ಆರ್ಟೀರಿಯಲ್ ಲೈನ್‌ನಿಂದ, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಎನೋಕ್ಸಪಾರಿನ್‌ನಂಥ ಬೇರೆ ಬಗೆಯ ಹೆಪಾರಿನ್ ಕೊಟ್ಟಿದ್ದರೆ ಎಸಿಟಿಯನ್ನು ನಂಬಬೇಡಿ.

ಹೆಪ್ಪಿನಂತೆ ಕಾಣುವ ಬೇರೆ ತೊಂದರೆಗಳು

ವೀನಸ್ ಪ್ರೆಶರ್ ಏರಿದ ಕೂಡಲೇ ಮೊದಲು ಮಷೀನ್ ಕಡೆ ಅಲ್ಲ, ರೋಗಿಯ ಕೈ ಕಡೆ ನೋಡಿ. ಹೊದಿಕೆ ಸರಿಸಿ. ನೀಡಲ್ ಸುತ್ತ ಊದಿದೆಯೇ, ನೋವಿದೆಯೇ? ಹಾಗಿದ್ದರೆ ರಕ್ತ ಚರ್ಮದಡಿ ಸೋರುತ್ತಿದೆ, ಪಂಪ್ ನಿಲ್ಲಿಸಿ. ಹೆಪ್ಪಿನಲ್ಲಿ ಪ್ರೆಶರ್ ಮೆಟ್ಟಿಲು ಹತ್ತಿದಂತೆ ಏರಿದರೆ ಸೋರಿಕೆಯಲ್ಲಿ, ಲೈನ್ ಮಡಿಚಿದಾಗ, ರೋಗಿ ಕೈ ಮಡಿಸಿದಾಗ ಅದು ಒಮ್ಮೆಗೇ ಏರುತ್ತದೆ.

ಚೇಂಬರ್ ತಿಳಿಯಾಗಿದ್ದೂ ಪ್ರೆಶರ್ ಇಳಿಯದಿದ್ದರೆ ನೀಡಲ್ ಪರೀಕ್ಷಿಸಿ. ಪಂಪ್ ನಿಲ್ಲಿಸಿ, ಎರಡೂ ಕಡೆ ಕ್ಲ್ಯಾಂಪ್ ಹಾಕಿ, ವೀನಸ್ ನೀಡಲ್‌ನಿಂದ ಲೈನ್ ಬಿಡಿಸಿ, 10 ಮಿ.ಲೀ. ಸಿರಿಂಜ್‌ನಿಂದ ಹಿಂದಕ್ಕೆ ಎಳೆಯಿರಿ. ಸರಾಗವಾಗಿ ರಕ್ತ ಬಂದರೆ ನೀಡಲ್ ಸರಿ ಇದೆ, ತೊಂದರೆ ಲೈನ್‌ನಲ್ಲಿದೆ. ಬರದಿದ್ದರೆ ಒತ್ತಿ ಒಳಗೆ ತಳ್ಳಬೇಡಿ. ತುದಿಯ ಹೆಪ್ಪು ನೇರ ರಕ್ತನಾಳಕ್ಕೆ ಹೋಗುತ್ತದೆ.

ರಕ್ತ ಕಪ್ಪಾಗದೆ ಪಾರದರ್ಶಕ ಚೆರ್ರಿ ಕೆಂಪಾದರೆ, ರೋಗಿಗೆ ಎದೆ ಅಥವಾ ಬೆನ್ನು ನೋವು, ಉಸಿರಾಟದ ಕಷ್ಟ ಬಂದರೆ ಅದು ಹಿಮೋಲಿಸಿಸ್, ರಕ್ತಕಣ ಒಡೆಯುತ್ತಿರುವುದು. ಪಂಪ್ ನಿಲ್ಲಿಸಿ, ಲೈನ್ ಕ್ಲ್ಯಾಂಪ್ ಮಾಡಿ, ಆ ರಕ್ತವನ್ನು ವಾಪಸ್ ಕೊಡಬೇಡಿ, ವೈದ್ಯರನ್ನು ಕರೆಯಿರಿ. ವೀನಸ್ ಪ್ರೆಶರ್ ಇಳಿದರೆ ಡಯಲೈಸರ್ ಹೆಪ್ಪು ಎಂದುಕೊಳ್ಳುವ ಮೊದಲು ನೀಡಲ್ ಕಳಚಿ ಹಾಸಿಗೆ ಒದ್ದೆಯಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಸಿಕ್ಕಿಬಿದ್ದ ಮೇಲೆ ಏನು ಮಾಡಬೇಕು

ಕೆಲವೇ ಗೆರೆಗಳು, ತೆಳು ಫೈಬ್ರಿನ್ ಉಂಗುರ, ಪ್ರೆಶರ್ ಇನ್ನೂ ಸ್ಥಿರ: ವೈದ್ಯರಿಗೆ ತಿಳಿಸಿ, ಹೆಪಾರಿನ್ ಹೋಗುತ್ತಿದೆಯೇ ಪರೀಕ್ಷಿಸಿ, ಪಂಪ್ ವೇಗ ಸರಿಪಡಿಸಿ, 15 ನಿಮಿಷಕ್ಕೊಮ್ಮೆ ನೋಡಿ. ಹೆಚ್ಚುವರಿ ಹೆಪಾರಿನ್ ಆದೇಶವಿಲ್ಲದೆ ಕೊಡಬೇಡಿ. ಅದು ಮುಂದಿನ ಹೆಪ್ಪನ್ನು ತಡೆಯುತ್ತದೆ, ಕಟ್ಟಿದ್ದನ್ನು ಕರಗಿಸುವುದಿಲ್ಲ.

ಪ್ರೆಶರ್ ಏರುತ್ತಲೇ ಇದೆ, ಗೆರೆಗಳು ಹೆಚ್ಚುತ್ತಿವೆ, ಆದರೆ ರಕ್ತ ಇನ್ನೂ ಹರಿಯುತ್ತಿದೆ: ಇದೇ ರಕ್ತ ವಾಪಸ್ ಕೊಡುವ ಹೊತ್ತು. ಉಳಿದದ್ದು ನಲವತ್ತೇ ನಿಮಿಷ, ಎಳೆದುಬಿಡೋಣ ಎಂಬ ಆಸೆ ಬಿಡಿ. ಪಂಪ್ ವೇಗವನ್ನು 100 ಮತ್ತು 150ರ ನಡುವಿಗೆ ಇಳಿಸಿ, ಸಲೈನ್‌ನಿಂದ ನಿಧಾನವಾಗಿ ವಾಪಸ್ ಕೊಡಿ, ಕಣ್ಣು ವೀನಸ್ ಪ್ರೆಶರ್ ಮತ್ತು ಜಾಲರಿಯ ಮೇಲಿರಲಿ. ಪ್ರೆಶರ್ ಏರಿದರೆ ಅಲ್ಲಿಗೇ ನಿಲ್ಲಿಸಿ, ಉಳಿದ ರಕ್ತದ ಆಸೆ ಬಿಡಿ. ಲೈನ್ ಹಿಂಡುವುದು, ಚೇಂಬರ್ ಬಡಿಯುವುದು ಬೇಡವೇ ಬೇಡ. ಜಾಲರಿ ದಾಟಿದ ಹೆಪ್ಪನ್ನು ತಡೆಯಲು ಅದರಾಚೆ ಏನೂ ಇಲ್ಲ.

ಪೂರ್ತಿ ಕಟ್ಟಿದೆ: ಪಂಪ್ ನಿಲ್ಲಿಸಿ. ಆರ್ಟೀರಿಯಲ್, ವೀನಸ್ ಎರಡೂ ಲೈನ್ ಮತ್ತು ಎರಡೂ ನೀಡಲ್ ಕ್ಲ್ಯಾಂಪ್ ಮಾಡಿ. ಲೈನ್ ಬಿಡಿಸಿ, ರಕ್ತ ವಾಪಸ್ ಕೊಡಬೇಡಿ. ನೀಡಲ್‌ಗಳನ್ನು ತೆಗೆಯದೆ, ಮೊದಲು ಹಿಂದಕ್ಕೆ ಎಳೆದು ನೋಡಿ, ಆಮೇಲಷ್ಟೇ ಸಲೈನ್ ಹಾಕಿ ದಾರಿ ಕಾಪಾಡಿ. ಬಿಪಿ, ನಾಡಿ ನೋಡಿ ವೈದ್ಯರಿಗೆ ತಿಳಿಸಿ. ಮುಂದುವರಿಸುವುದಾದರೆ ಡಯಲೈಸರ್ ಮಾತ್ರವಲ್ಲ, ಲೈನ್‌ಗಳನ್ನೂ ಹೊಸದು ಹಾಕಿ. ಹಳೆ ಚೇಂಬರ್‌ನಲ್ಲಿ ಉಳಿದ ಹೆಪ್ಪಿನ ಸುತ್ತ ಹೊಸದು ಬೇಗ ಬೆಳೆಯುತ್ತದೆ.

ಕರೆಂಟ್ ಹೋದಾಗ

ತಾಲ್ಲೂಕು ಆಸ್ಪತ್ರೆಯ ಘಟಕಗಳಲ್ಲಿ ಇದನ್ನು ಬೇರೆಯಾಗಿ ಕಲಿತಿರಬೇಕು. ಬ್ಯಾಟರಿ ಇರುವ ಮಷೀನ್‌ನಲ್ಲಿ ಬ್ಲಡ್ ಪಂಪ್ ಸ್ವಲ್ಪ ಹೊತ್ತು ಓಡುತ್ತದೆ. ಬ್ಯಾಟರಿ ಸತ್ತಿದ್ದರೆ ಪಂಪ್ ನಿಲ್ಲುತ್ತದೆ, ವೀನಸ್ ಕ್ಲ್ಯಾಂಪ್ ಮುಚ್ಚಿಕೊಳ್ಳುತ್ತದೆ, ನಿಂತ ರಕ್ತ ಕಟ್ಟಲು ಶುರುವಾಗುತ್ತದೆ. ಪಂಪ್‌ನ ಹಿಡಿಕೆ ಬಿಡಿಸಿ, ವೀನಸ್ ಲೈನ್ ಅನ್ನು ಕ್ಲ್ಯಾಂಪ್‌ನಿಂದ ಹೊರತೆಗೆದು, ಬಾಣದ ಗುರುತಿನ ದಿಕ್ಕಿಗೇ ಕೈಯಲ್ಲಿ ತಿರುಗಿಸಿ. ಆಗ ಏರ್ ಡಿಟೆಕ್ಟರ್ ರಕ್ಷಣೆ ಇರುವುದಿಲ್ಲ, ಆದ್ದರಿಂದ ಇನ್ನೊಬ್ಬರು ಚೇಂಬರ್ ಮಟ್ಟ ಕಾಯಲೇಬೇಕು. ಜನರೇಟರ್ ಬರುವ ಸೂಚನೆ ಇಲ್ಲದಿದ್ದರೆ ರಕ್ತ ವಾಪಸ್ ಕೊಟ್ಟು ಮುಗಿಸಿ. ಹಿಡಿಕೆ ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕುವ ಪರಿಸ್ಥಿತಿ ಬರಬಾರದು, ಪ್ರತಿ ಮಷೀನ್‌ಗೂ ಅದು ತಗುಲಿ ಹಾಕಿದ್ದಿರಲಿ.

ಮುಗಿದ ಮೇಲೆ ಬರೆಯಬೇಕಾದ್ದು

ರಕ್ತ ವಾಪಸ್ ಕೊಟ್ಟ ನಂತರ ಡಯಲೈಸರ್ ಅನ್ನು ಬೆಳಕಿಗೆ ಹಿಡಿದು ದರ್ಜೆ ಕೊಡಿ. ಅನೇಕ ಘಟಕಗಳ ಪದ್ಧತಿ ಹೀಗಿದೆ: ತಿಳಿಯಾಗಿದ್ದರೆ 0, ಶೇ. 10ಕ್ಕಿಂತ ಕಡಿಮೆ ಎಳೆ ಮುಚ್ಚಿದ್ದರೆ 1, ಶೇ. 10ರಿಂದ 50 ಆದರೆ 2, ಅದಕ್ಕೂ ಹೆಚ್ಚಾದರೆ 3. ಚೇಂಬರ್‌ಗೆ ಬೇರೆ ದರ್ಜೆ ಬರೆಯಿರಿ. ಡಯಲೈಸರ್ ಮರುಬಳಕೆ ಮಾಡುವ ಕೇಂದ್ರದಲ್ಲಿ ಒಳ ಗಾತ್ರ (ಎಳೆಗಳ ಒಳಗೆ ಹಿಡಿಯುವ ದ್ರವದ ಪ್ರಮಾಣ) ಅಳೆಯುವುದು ಕಡ್ಡಾಯ. ಹೊಸದಾಗಿದ್ದಾಗ 110 ಮಿ.ಲೀ. ಇದ್ದದ್ದು ಶೇ. 80ಕ್ಕಿಂತ, ಅಂದರೆ 88ಕ್ಕಿಂತ ಕೆಳಗಿಳಿದರೆ ಬಿಸಾಡಬೇಕು. ಇನ್ನೊಂದು ಸಲ ಬರುತ್ತೆ ಎಂದು ತೊಳೆದಿಟ್ಟರೆ ರೋಗಿಗೆ ಅರೆಬರೆ ಡಯಾಲಿಸಿಸ್, ಮತ್ತು ಇನ್ನೂ ಬೇಗ ಹೆಪ್ಪು.

ಒಂದೇ ರೋಗಿಗೆ ಎರಡು ಸಲ ದರ್ಜೆ 2 ಬಂದರೆ ಕಾರಣ ಹುಡುಕಿ. ಪಂಪ್ ವೇಗ ಎಷ್ಟಿತ್ತು, ಅಲಾರಂನಿಂದ ಪಂಪ್ ಎಷ್ಟು ಸಲ ನಿಂತಿತು, ಹಿಮೋಗ್ಲೋಬಿನ್ ಈಚೆಗೆ ಏರಿದೆಯೇ, ಹೆಪಾರಿನ್ ಎಷ್ಟು ಬೇಗ ನಿಲ್ಲಿಸಿದಿರಿ. ಫಿಸ್ಟುಲಾ (ನೀಡಲ್ ಹಾಕಲೆಂದು ಶಸ್ತ್ರಕ್ರಿಯೆಯಿಂದ ಜೋಡಿಸಿದ ರಕ್ತನಾಳ) ಇರುವ ರೋಗಿಗೆ ನೀಡಲ್ ತೆಗೆದ ಜಾಗದ ರಕ್ತ ನಿಲ್ಲಲೆಂದು ಕೊನೆಯ 30ರಿಂದ 60 ನಿಮಿಷ ಹೆಪಾರಿನ್ ನಿಲ್ಲಿಸುತ್ತಾರೆ. ಕ್ಯಾಥೆಟರ್ ರೋಗಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ಎಲ್ಲರಿಗೂ ಒಂದೇ ಹೊತ್ತಿಗೆ ನಿಲ್ಲಿಸುವ ರೂಢಿ ಇದ್ದರೆ ಕೊನೆಯ ಗಂಟೆಯಲ್ಲಿ ಕ್ಯಾಥೆಟರ್ ರೋಗಿಗಳ ಫಿಲ್ಟರ್ ಕಟ್ಟಲು ಅದೇ ಕಾರಣವಾಗಬಹುದು.

ಡೋಸ್ ಸರಿ ಇದ್ದು, ಹರಿವು ಸರಿ ಇದ್ದು, ಆದರೂ ಫಿಲ್ಟರ್ ಮತ್ತೆ ಮತ್ತೆ ಕಟ್ಟುತ್ತಿದ್ದರೆ, ಅದೂ ಹೆಪಾರಿನ್ ಹೊಸದಾಗಿ ಶುರುವಾದ ಐದರಿಂದ ಹತ್ತನೇ ದಿನದ ಸುಮಾರಿಗೆ, ಅಂದೇ ಪ್ಲೇಟ್‌ಲೆಟ್ ಎಣಿಕೆ ಮಾಡಿಸಲು ಹೇಳಿ. ಮೊದಲಿದ್ದದ್ದಕ್ಕಿಂತ ಅರ್ಧಕ್ಕೂ ಹೆಚ್ಚು ಇಳಿದಿದ್ದರೆ ಹೆಪಾರಿನ್‌ನಿಂದಲೇ ಬರುವ ಪ್ಲೇಟ್‌ಲೆಟ್ ಕುಸಿತ ಇರಬಹುದು. ಆ ರೋಗಿಗೆ ಡೋಸ್ ಹೆಚ್ಚಿಸುವುದು ಬೆಂಕಿಗೆ ಎಣ್ಣೆ ಹಾಕಿದಂತೆ. ವೈದ್ಯರು ಹೆಪಾರಿನ್ ನಿಲ್ಲಿಸಿ ಎಂದರೆ ಪಂಪ್‌ನಲ್ಲಿರುವುದು ಮಾತ್ರ ನಿಂತರೆ ಸಾಲದು: ಪ್ರೈಮಿಂಗ್ ಸಲೈನ್‌ಗೆ ಹಾಕುವುದು, ಹೆಪಾರಿನ್ ತುಂಬಿ ಕ್ಯಾಥೆಟರ್ ಲಾಕ್ ಮಾಡುವುದು, ಎರಡೂ ನಿಲ್ಲಬೇಕು. ಕೇಸ್ ಶೀಟ್‌ನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ, ಮುಂದಿನ ಶಿಫ್ಟ್‌ನವರಿಗೆ ಬಾಯಲ್ಲೂ ಹೇಳಿ.